ಮಣ್ಣು ಅಳೆದ ಮೇಷ್ಟ್ರಿಗೆ ಮನ್ನಣೆ

ಕ್ರಿಕೆಟ್ ಆಟಗಾರನಿಗೆ ಕಾರು ಕೊಡ್ತಾರೆ, ಸಿನಿಮಾ ನಟನಿಗೆ ಹಾರ ಹಾಕ್ತಾರೆ. ಮಣ್ಣು ಅಳೆಯೋ ಮನುಷ್ಯನಿಗೆ ಏನು ಕೊಡ್ತಾರೆ? ಕೊಟ್ಟಿದ್ದಾರೆ, ನೋಡಿ. 2020ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರತ್ತನ್ ಲಾಲ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಮೊತ್ತ 2.5 ಲಕ್ಷ ಡಾಲರ್. ಮರುವರ್ಷ ಭಾರತ ಸರ್ಕಾರದ ಪದ್ಮಶ್ರೀಯೂ ಬಂತು.

ಲಾಲ್ ಹುಟ್ಟಿದ್ದು 1944ರಲ್ಲಿ, ಪಂಜಾಬಿನ ಹಳ್ಳಿಯಲ್ಲಿ. ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ದೇಶ ಒಡೆದ ಮೇಲೆ ಮನೆಯವರು ಈಗಿನ ಹರಿಯಾಣಕ್ಕೆ ಬಂದು ಸಣ್ಣ ಹಿಡುವಳಿಯಲ್ಲಿ ಬೇಸಾಯ ಹೂಡಿದರು. ಲೂಧಿಯಾನ, ದೆಹಲಿಯಲ್ಲಿ ಓದಿದ ಲಾಲ್ 1968ರಲ್ಲಿ ಓಹಾಯೊದಲ್ಲಿ ಡಾಕ್ಟರೇಟ್ ಪಡೆದರು.

ಹೆಸರು ತಂದುಕೊಟ್ಟದ್ದು ಮಾತ್ರ ಆಫ್ರಿಕ. 1970ರಿಂದ 1987ರವರೆಗೆ ಅವರು ದುಡಿದದ್ದು ನೈಜೀರಿಯದ ಇಬಾದಾನ್ ನಗರದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ. ಅಲ್ಲಿ ಕಾಡು ಕಡಿದು ಉತ್ತ ಹೊಲದ ಮಣ್ಣು ಬಿರುಮಳೆಗೆ ಕೊಚ್ಚಿ ಹೋಗುತ್ತಿತ್ತು. ಲಾಲ್ ಇಳಿಜಾರಿನಲ್ಲಿ ತಾಕು ಮಾಡಿ, ಹರಿದು ಬಂದ ನೀರು, ಮಣ್ಣು ಎರಡನ್ನೂ ಅಳೆದರು. ಬರೀ ನೆಲಕ್ಕೆ ಬಿದ್ದ ಹನಿ ಮಣ್ಣನ್ನು ಒಡೆಯುತ್ತೆ, ಒಡೆದ ಕಣ ನೀರಿನ ಜತೆ ಓಡುತ್ತೆ. ಹುಲ್ಲು, ದಂಟು ಹೊಲದಲ್ಲೇ ಹಾಸಿ, ಉಳದೆ ಬಿತ್ತಿದರೆ ಪೆಟ್ಟು ಹೊದಿಕೆಗೆ ಬೀಳುತ್ತೆ, ನೀರು ಇಂಗುತ್ತೆ. ಹೆಕ್ಟೇರಿಗೆ 4ರಿಂದ 6 ಟನ್ ಹೊದಿಕೆ ಇದ್ದರೆ ಸವಕಳಿ ಹೆಚ್ಚುಕಡಿಮೆ ನಿಂತಂತೆಯೇ.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಲ್ಲಾದಿಂದ ದಿನಾ ತೆಗೆದು, ಒಂದು ಕಾಸೂ ಹಾಕದಿದ್ದರೆ ಅಂಗಡಿ ಎಷ್ಟು ದಿನ ನಡೆದೀತು? ಬೆಳೆ ಕೊಯ್ದು, ದಂಟು ಹೊತ್ತು, ಕೂಳೆ ಸುಟ್ಟರೆ ಹೊಲಕ್ಕೂ ಅದೇ ಗತಿ. ಒಂದು ಅಂಗುಲ ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು. ಹೋಗೋಕೆ ಕೆಲವೇ ಮಳೆ ಸಾಕು.

ಆದ್ರೆ ಬಡ ರೈತನ ಪಾಡೇ ಬೇರೆ. ದಂಟು ದನಕ್ಕೂ ಬೇಕು, ಒಲೆಗೂ ಬೇಕು. ಹೊಲಕ್ಕೆ ಬಿಡೋದೇನು? ಅದಕ್ಕೇ ಮಣ್ಣು ಕಾಯುವ ರೈತನಿಗೆ ಆ ಕೆಲಸಕ್ಕಾಗಿ ದುಡ್ಡು ಸಿಗಬೇಕು ಅಂತ ಲಾಲ್ ವಾದಿಸುತ್ತಾ ಬಂದಿದ್ದಾರೆ. ತಮ್ಮ ಆಹಾರ ಪ್ರಶಸ್ತಿಯ ಹಣವನ್ನೂ ಮಣ್ಣಿನ ಸಂಶೋಧನೆಗೇ ಬಿಟ್ಟರು. 2024ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿ ಬಂದಾಗ ಅದರಲ್ಲಿ ಪಾಲು ಪಡೆದವರಲ್ಲಿ ನೆರೆಯ ಆಂಧ್ರದ ಸಹಜ ಕೃಷಿ ಯೋಜನೆಯೂ ಒಂದು.

ವಿಜ್ಞಾನಿಗೆ ಪದಕ ಸಿಕ್ಕಿತು, ಸಂತೋಷ. ದನಕ್ಕೂ ಹಾಕದೆ, ಸುಡದೆ, ದಂಟನ್ನು ಹೊಲಕ್ಕೇ ಬಿಟ್ಟ ರೈತನಿಗೆ ಏನು ಸಿಗುತ್ತೆ ಅನ್ನೋದೇ ಈಗ ಉಳಿದಿರೋ ಲೆಕ್ಕ.