"ಊಟ ಆಯ್ತಾ?" ಎಂದು ಕೇಳುವ ಮುನ್ನ: ಪ್ರೇಡರ್-ವಿಲ್ಲಿ ಸಿಂಡ್ರೋಮ್ ಇರುವ ಮಕ್ಕಳನ್ನು ಅರಿಯೋಣ

ನಮ್ಮವರ ಮನೆಗೆ ಹೋದರೆ ಬಾಗಿಲಲ್ಲೇ ಎದುರಾಗುವ ಪ್ರಶ್ನೆ ನಿಮಗೆ ಗೊತ್ತೇ ಇದೆ: "ಊಟ ಆಯ್ತಾ?" ಆಯ್ತು ಅಂದರೂ ಬಿಡುವುದಿಲ್ಲ. "ಒಂದೇ ಒಂದು ಚೂರು" ಅನ್ನುತ್ತಾ ತಟ್ಟೆಗೆ ಎರಡು ಬೀಳುತ್ತದೆ. ನಾವು ಪ್ರೀತಿಯನ್ನು ಬಾಯಲ್ಲಿ ಹೇಳುವುದು ಕಡಿಮೆ, ಬಡಿಸುವುದೇ ಹೆಚ್ಚು. ಆದರೆ ಬಡಿಸದೆ ಇರುವುದೇ ಪ್ರೀತಿಯಾಗಿರುವ ಕೆಲವು ಮನೆಗಳಿವೆ. ಇಂದಿನ ಮಾತು ಅಂಥ ಮನೆಗಳ ಮಕ್ಕಳ ಬಗ್ಗೆ.

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ನಿಮ್ಮೂರಿನ ಕನ್ನಡ ಸಂಘದ ಯುಗಾದಿ ಊಟ. ಎಂಟು ವರ್ಷದ ಒಬ್ಬ ಹುಡುಗ ತಟ್ಟೆ ಖಾಲಿ ಮಾಡಿ ಇನ್ನೊಂದು ಹೋಳಿಗೆ ಕೇಳುತ್ತಾನೆ. ಅಮ್ಮ "ಸಾಕು ಪುಟ್ಟ" ಅನ್ನುತ್ತಾರೆ. ಅವನು ಮತ್ತೆ ಕೇಳುತ್ತಾನೆ, ಹತ್ತು ಸಲ ಕೇಳುತ್ತಾನೆ, ಕೊನೆಗೆ ನೆಲದ ಮೇಲೆ ಬಿದ್ದು ಕಿರುಚುತ್ತಾನೆ. ಸುತ್ತಲಿನವರು ತಿರುಗಿ ನೋಡುತ್ತಾರೆ. "ಹಬ್ಬದ ದಿನ ಮಗುವಿಗೆ ಒಂದು ಹೋಳಿಗೆ ಕೊಟ್ಟರೆ ಏನಾಗುತ್ತೆ?" ಅನ್ನುತ್ತಾ ಒಬ್ಬ ಆಂಟಿ ಹಿಂದಿನಿಂದ ಅವನ ಕೈಗೆ ಹೋಳಿಗೆ ಇಡುತ್ತಾರೆ. ಮುಂದಿನ ವರ್ಷ ಆ ಕುಟುಂಬ ಯುಗಾದಿಗೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದೂ ಇಲ್ಲ.

ಆ ಹುಡುಗನಿಗೆ ಇರುವುದು ಹಟವಲ್ಲ, ಪ್ರೇಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರಾದ ಆಂಡ್ರಿಯಾ ಪ್ರೇಡರ್, ಅಲೆಕ್ಸಿಸ್ ಲಾಬ್‌ಹಾರ್ಟ್ ಮತ್ತು ಹೈನ್‌ರಿಶ್ ವಿಲ್ಲಿ ಇದನ್ನು ಮೊದಲು ವಿವರಿಸಿದರು. ಸುಮಾರು 15,000ದಿಂದ 25,000 ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಗಂಡು, ಹೆಣ್ಣು, ಯಾವ ದೇಶ, ಯಾವ ಜನಾಂಗ ಎಂಬ ಭೇದ ಇದಕ್ಕಿಲ್ಲ.

ಒಳಗೆ ಆಗಿರುವುದೇನು?

ನಮ್ಮ ಹೆಚ್ಚಿನ ಜೀವಕೋಶಗಳಲ್ಲಿ ಕ್ರೋಮೋಸೋಮ್‌ಗಳು ಜೋಡಿಯಾಗಿರುತ್ತವೆ. ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅಮ್ಮನಿಂದ ಬಂದದ್ದು. ಒಂದೇ ಅಡುಗೆ ಪುಸ್ತಕದ ಎರಡು ಪ್ರತಿಗಳು ಎಂದುಕೊಳ್ಳಿ. ಒಂದರಲ್ಲಿ ಪುಟ ಹರಿದಿದ್ದರೆ ಇನ್ನೊಂದನ್ನು ನೋಡಿ ಅಡುಗೆ ಮಾಡಬಹುದು. ಆದರೆ ಕೆಲವೇ ಕೆಲವು ಪುಟಗಳಿಗೆ ಪ್ರಕೃತಿ ಒಂದು ವಿಚಿತ್ರ ನಿಯಮ ಇಟ್ಟಿದೆ. 15ನೇ ಕ್ರೋಮೋಸೋಮಿನ ಒಂದು ಸಣ್ಣ ಭಾಗದಲ್ಲಿ ಅಮ್ಮನ ಪ್ರತಿಯ ಕೆಲವು ಜೀನ್‌ಗಳಿಗೆ "ಇದನ್ನು ಓದಬೇಡ" ಎಂದು ಮುದ್ರೆ ಒತ್ತಿರುತ್ತದೆ. ಅಲ್ಲಿ ಕೆಲಸ ಮಾಡುವುದು ಅಪ್ಪನ ಪ್ರತಿ ಮಾತ್ರ. ಆ ಪ್ರತಿಯಲ್ಲೇ ಪುಟ ಇಲ್ಲದಿದ್ದರೆ ನೋಡಲು ಬೇರೆ ಪ್ರತಿ ಇರುವುದಿಲ್ಲ.

ನೂರರಲ್ಲಿ ಸುಮಾರು ಎಪ್ಪತ್ತು ಮಕ್ಕಳಲ್ಲಿ ಅಪ್ಪನಿಂದ ಬಂದ ಆ ತುಣುಕು ಬಿಟ್ಟುಹೋಗಿರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ 15ನೇ ಕ್ರೋಮೋಸೋಮಿನ ಎರಡೂ ಪ್ರತಿಗಳು ಅಮ್ಮನಿಂದಲೇ ಬಂದಿರುತ್ತವೆ. ತೀರಾ ಕೆಲವರಲ್ಲಿ ಮುದ್ರೆಯೇ ತಪ್ಪಾಗಿ ಬಿದ್ದಿರುತ್ತದೆ. ಅದೇ ಜಾಗದಲ್ಲಿ ಅಮ್ಮನ ಕಡೆಯಿಂದ ಬರಬೇಕಾದ ಒಂದು ಜೀನ್ ಕೆಲಸ ಮಾಡದಿದ್ದರೆ ಬರುವುದು ಬೇರೆಯೇ ಸಮಸ್ಯೆ, ಏಂಜಲ್‌ಮನ್ ಸಿಂಡ್ರೋಮ್. ರಕ್ತದ ಡಿಎನ್ಎ ಮೆಥಿಲೇಶನ್ ಪರೀಕ್ಷೆಯಿಂದ ಪ್ರೇಡರ್-ವಿಲ್ಲಿಯನ್ನು ಹೆಚ್ಚುಕಡಿಮೆ ಖಚಿತವಾಗಿ ಗುರುತಿಸಬಹುದು.

ಹಾಲು ಕುಡಿಯದ ಮಗು, ಹಸಿವು ಇಂಗದ ಮಗು

ಈ ಸಿಂಡ್ರೋಮಿನ ಕಥೆ ತಿರುವುಮುರುವಾಗಿ ಶುರುವಾಗುತ್ತದೆ. ಹುಟ್ಟಿದಾಗ ಮಗುವಿನ ಸ್ನಾಯುಗಳಲ್ಲಿ ಬಿಗಿ ಇರುವುದಿಲ್ಲ. ಎತ್ತಿಕೊಂಡರೆ ಬಟ್ಟೆಯ ಗೊಂಬೆಯಂತೆ ಜೋತುಬೀಳುತ್ತದೆ. ಅಳು ಕ್ಷೀಣ, ಹಾಲು ಚೀಪಲೂ ಶಕ್ತಿಯಿಲ್ಲ. ಎಷ್ಟೋ ಮಕ್ಕಳಿಗೆ ಮೂಗಿನ ನಳಿಕೆಯಿಂದ ಹಾಲು ಕೊಡಬೇಕಾಗುತ್ತದೆ. ಮಗು ನಾಲ್ಕು ಹನಿ ಹೆಚ್ಚು ಕುಡಿದರೆ ಸಾಕು ಎಂದು ಅಪ್ಪ ಅಮ್ಮ ಹಂಬಲಿಸುವ ಕಾಲ ಅದು. ಕುಳಿತುಕೊಳ್ಳುವುದು, ನಡೆಯುವುದು, ಮಾತು ಎಲ್ಲವೂ ತಡ.

ಎರಡು ವರ್ಷ ದಾಟಿದ ಮೇಲೆ, ಹೆಚ್ಚು ತಿನ್ನದೆಯೇ ತೂಕ ಏರತೊಡಗುತ್ತದೆ. ಮುಂದೆ ಊಟದಲ್ಲಿ ಆಸಕ್ತಿ ಬೆಳೆಯುತ್ತದೆ. ಸಾಮಾನ್ಯವಾಗಿ ಎಂಟು ವರ್ಷದ ಹೊತ್ತಿಗೆ ಅದು ತಣಿಯದ ಹಸಿವಾಗುತ್ತದೆ. ಮಿದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಅಂಗವಿದೆ. ಹಸಿವು, ನಿದ್ದೆ, ಮೈಶಾಖ, ಹಾರ್ಮೋನ್‌ಗಳ ಲೆಕ್ಕ ಇಡುವುದು ಅದೇ. ನಮಗೆ ಹೊಟ್ಟೆ ತುಂಬಿದಾಗ "ಸಾಕು" ಎಂಬ ಸಂದೇಶ ಅಲ್ಲಿಂದ ಸಿಗುತ್ತದೆ. ಈ ಮಕ್ಕಳಿಗೆ ಆ ಸಂದೇಶ ಸರಿಯಾಗಿ ಸಿಗುವುದೇ ಇಲ್ಲ. ಏಕಾದಶಿ ಉಪವಾಸ ಮಾಡಿದವರಿಗೆ ಸಂಜೆಯ ಹೊತ್ತಿಗೆ ಅಡುಗೆಮನೆಯ ವಾಸನೆ ಹೇಗೆ ಕಾಡುತ್ತದೆ ಎಂದು ಗೊತ್ತಿರುತ್ತದೆ. ಈ ಮಕ್ಕಳಿಗೆ ಊಟ ಮುಗಿಸಿ ಕೈ ತೊಳೆದ ಮೇಲೂ ಹಾಗೆಯೇ. ಇದನ್ನು ಮನಸ್ಸು ಗಟ್ಟಿಮಾಡಿ ಗೆಲ್ಲಲು ಆಗುವುದಿಲ್ಲ.

ಇದರ ಮೇಲೆ ಇನ್ನೊಂದು ಕಷ್ಟ. ಸ್ನಾಯು ಕಡಿಮೆ ಇರುವುದರಿಂದ ಅವರ ದೇಹಕ್ಕೆ ಬೇಕಾದ ಕ್ಯಾಲೊರಿಯೂ ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಕಡಿಮೆ. ಹಸಿವು ಹೆಚ್ಚು, ಅಗತ್ಯ ಕಡಿಮೆ. ನಿಯಂತ್ರಣ ಇಲ್ಲದಿದ್ದರೆ ಚಿಕ್ಕ ವಯಸ್ಸಿನಲ್ಲೇ ವಿಪರೀತ ಬೊಜ್ಜು, ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ ಬರುತ್ತವೆ.

ಒಂದು ವಿಷಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇವರಲ್ಲಿ ಹಲವರಿಗೆ ನೋವು ಸುಲಭವಾಗಿ ತಿಳಿಯುವುದಿಲ್ಲ, ವಾಂತಿಯೂ ಅಪರೂಪ. ಒಮ್ಮೆಗೇ ತುಂಬ ತಿಂದರೆ ಹೊಟ್ಟೆಯೇ ಹರಿಯುವ ಅಪಾಯವಿದೆ. ಅವಸರದಲ್ಲಿ ನುಂಗಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಇಂಥ ಮಗು ಹೊಟ್ಟೆನೋವು ಅಂದರೆ ಅಥವಾ ವಾಂತಿ ಮಾಡಿದರೆ ಜೀರಿಗೆ ಕಷಾಯ ಕೊಟ್ಟು ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೀಗ ಹಾಕಿದ ಫ್ರಿಡ್ಜ್

ಹೀಗಾಗಿ ಈ ಮನೆಗಳಲ್ಲಿ ಫ್ರಿಡ್ಜಿಗೂ ಅಡುಗೆಮನೆಯ ಕಪಾಟಿಗೂ ಬೀಗ ಇರಬಹುದು. ಹೊರಗಿನವರಿಗೆ ಅದು ಕ್ರೌರ್ಯದಂತೆ ಕಾಣುತ್ತದೆ. ಮಗುವಿಗೆ ಮಾತ್ರ ಅದು ನೆಮ್ಮದಿ. ತಜ್ಞರು ಹೇಳುವುದು ಇಷ್ಟು: ಊಟ ಯಾವಾಗ, ಏನು, ಎಷ್ಟು ಎಂಬುದು ಮಗುವಿಗೆ ಮೊದಲೇ ಗೊತ್ತಿರಬೇಕು. ಅದಕ್ಕಿಂತ ಹೆಚ್ಚು ಸಿಗಬಹುದು ಎಂಬ ಆಸೆ ಹುಟ್ಟಿಸಬಾರದು. ಹೇಳಿದ್ದನ್ನು ತಪ್ಪಿಸಬಾರದು. ಈ ಮೂರು ನಡೆದರೆ ಮಗುವಿನ ತಲೆಯಲ್ಲಿ ಇಡೀ ದಿನ ಸುತ್ತುವ ಊಟದ ಚಿಂತೆ ಕಡಿಮೆಯಾಗಿ ಆಟ, ಪಾಠಕ್ಕೆ ಜಾಗ ಸಿಗುತ್ತದೆ.

ಈಗ ಆ ಯುಗಾದಿ ಹೋಳಿಗೆಯನ್ನು ಮತ್ತೆ ನೋಡಿ. ಆಂಟಿ ಕೊಟ್ಟದ್ದು ಒಂದೇ ಹೋಳಿಗೆ. ಆದರೆ ಹುಡುಗ ಅಂದು ಕಲಿತದ್ದು, "ಅಮ್ಮ ಇಲ್ಲ ಅಂದರೂ ಗಟ್ಟಿಯಾಗಿ ಅತ್ತರೆ ಯಾರಾದರೂ ಕೊಡುತ್ತಾರೆ" ಎಂದು. ಆ ಅಮ್ಮ ತಿಂಗಳುಗಟ್ಟಲೆ ಕಷ್ಟಪಟ್ಟು ಕಟ್ಟಿದ್ದು ಒಂದು ನಿಮಿಷದಲ್ಲಿ ಬಿತ್ತು.

ಹಸಿವಿನಷ್ಟೇ ಕಾಡುವುದು ಬದಲಾವಣೆ. ದಿನಚರಿ ಸ್ವಲ್ಪ ಏರುಪೇರಾದರೂ ಕಳವಳ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಸಿಟ್ಟು ಸ್ಫೋಟಗೊಳ್ಳುವುದು, ಚರ್ಮ ಕೆರೆದುಕೊಂಡು ಗಾಯ ಮಾಡಿಕೊಳ್ಳುವುದು ಇವೆಲ್ಲ ಸಿಂಡ್ರೋಮಿನ ಭಾಗ. ಅದೇ ಮಕ್ಕಳಲ್ಲಿ ಹಲವರು ಜಿಗ್‌ಸಾ ಪಜಲ್ ಜೋಡಿಸುವುದರಲ್ಲಿ ನಮ್ಮನ್ನು ಮೀರಿಸುತ್ತಾರೆ. ಪುಟ್ಟ ಮಕ್ಕಳನ್ನೂ ಪ್ರಾಣಿಗಳನ್ನೂ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ.

ಔಷಧಿ ಇದೆಯೇ?

ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೆ ಬೆಳವಣಿಗೆಯ ಹಾರ್ಮೋನ್ ಚುಚ್ಚುಮದ್ದು ಈ ಮಕ್ಕಳ ಬದುಕನ್ನು ಬಹಳ ಬದಲಿಸಿದೆ. ಅಮೆರಿಕದಲ್ಲಿ ಅದಕ್ಕೆ 2000ದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಎತ್ತರವನ್ನಷ್ಟೇ ಅಲ್ಲ, ಸ್ನಾಯುಬಲವನ್ನೂ ಹೆಚ್ಚಿಸುತ್ತದೆ. ತಣಿಯದ ಹಸಿವಿಗೆಂದೇ ಮೊದಲ ಔಷಧಿ, ಡಯಜಾಕ್ಸೈಡ್ ಕೋಲಿನ್ ಮಾತ್ರೆಗೆ, 2025ರ ಮಾರ್ಚ್‌ನಲ್ಲಿ ಅಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂದಿದೆ. ಊರಿನಲ್ಲಿ ನಿಮ್ಮ ನೆಂಟರ ಮಗುವಿಗೆ ಇಂಥ ಅನುಮಾನವಿದ್ದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ತೋರಿಸಲು ಹೇಳಿ. ಬೇಗ ತಿಳಿದಷ್ಟೂ ಒಳ್ಳೆಯದು.

ತಪ್ಪು ಯಾರದು?

ಯಾರದೂ ಅಲ್ಲ. ನಮ್ಮಲ್ಲಿ ಇಂಥ ಮಗು ಹುಟ್ಟಿದರೆ ಮೊದಲು ಬೆರಳು ತೋರಿಸುವುದು ತಾಯಿಯತ್ತ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಏನೋ ತಿಂದಳು ಎಂಬ ಮಾತುಗಳು ಬರುತ್ತವೆ. ಯಾವುದರಲ್ಲೂ ಹುರುಳಿಲ್ಲ. ಸೋದರಸಂಬಂಧದಲ್ಲಿ ಮದುವೆಯಾದರೆ ಬೇರೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಪ್ರೇಡರ್-ವಿಲ್ಲಿಗೆ ಅದು ಕಾರಣವಲ್ಲ. ಬಹುಪಾಲು ಇದು ಆಕಸ್ಮಿಕ. ಅಪ್ಪನ ಪ್ರತಿಯಲ್ಲಿ ತುಣುಕು ಇಲ್ಲ ಅಂದರೆ ಅಪ್ಪನದು ತಪ್ಪು ಎಂದೂ ಅಲ್ಲ. ಹೆಚ್ಚಿನ ಕುಟುಂಬಗಳಲ್ಲಿ ಮುಂದಿನ ಮಗುವಿಗೂ ಇದು ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಪರೂಪದ ಕೆಲವು ಬಗೆಗಳಲ್ಲಿ ಮಾತ್ರ ಹೆಚ್ಚು. ಅದನ್ನು ಜೆನೆಟಿಕ್ ಕೌನ್ಸೆಲರ್ ಪರೀಕ್ಷೆ ನೋಡಿ ಹೇಳುತ್ತಾರೆ.

ನೀವು ಏನು ಮಾಡಬಹುದು?

ಈ ಮಾತನ್ನು ನಿಮಗೇ ಹೇಳುವುದಕ್ಕೆ ಕಾರಣವಿದೆ. ಇಲ್ಲಿಯ ಶಾಲೆಗಳಲ್ಲಿ ಬೇರೆ ಬೇರೆ ಬಗೆಯ ಮಕ್ಕಳ ಜೊತೆ ಕೂತು ಓದಿದವರು ನೀವು. ಅಜ್ಜಿ ತಾತನಿಗೆ, ಆಂಟಿ ಅಂಕಲ್‌ಗಳಿಗೆ ಕನ್ನಡದಲ್ಲೇ ತಿಳಿಸಿ ಹೇಳಬಲ್ಲವರೂ ನೀವೇ. "ಅಜ್ಜಿ, ಅವನಿಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ. ಅವರಮ್ಮನನ್ನು ಕೇಳದೆ ಏನೂ ಕೊಡಬೇಡಿ" ಎಂಬ ಎರಡು ವಾಕ್ಯ ಸಾಕು.

ಸಂಘದ ಕಾರ್ಯಕ್ರಮಕ್ಕೆ ಅಂಥ ಕುಟುಂಬ ಬರುವುದಾದರೆ ಊಟದ ಸಮಯ, ಅಡುಗೆಯ ಪಟ್ಟಿ ಅವರಿಗೆ ಮೊದಲೇ ತಿಳಿಸಿ. ಹೇಳಿದ ಸಮಯಕ್ಕೇ ಊಟ ಹಾಕಿ. ನಮ್ಮವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಗೊತ್ತು! ತಿಂಡಿಯನ್ನು ದಿನವಿಡೀ ಮೇಜಿನ ಮೇಲೆ ಹರಡಿಡಬೇಡಿ. ಪ್ರಸಾದವನ್ನು ಮನೆಗೆ ಒಯ್ಯಲು ಅಪ್ಪ ಅಮ್ಮನ ಕೈಗೆ ಕೊಡಿ. ಮಗುವಿಗೆ ಬಹುಮಾನವಾಗಿ ಚಾಕಲೇಟ್ ಬೇಡ, ಪಜಲ್ ಕೊಡಿ. ಅವನು ಸಿಟ್ಟಾದಾಗ ವಾದಿಸಬೇಡಿ, ಸುತ್ತ ಗುಂಪು ಕಟ್ಟಬೇಡಿ. ಮೆಲುದನಿಯಲ್ಲಿ ಮಾತಾಡಿ, ಸಮಯ ಕೊಡಿ.

ಆ ಮಗುವಿನ ಅಕ್ಕನನ್ನೋ ಅಣ್ಣನನ್ನೋ ಮರೆಯಬೇಡಿ. ತನ್ನ ಮನೆಯಲ್ಲೇ ಕದ್ದು ಬಿಸ್ಕತ್ತು ತಿನ್ನಬೇಕಾದ, ಗೆಳೆಯರನ್ನು ಮನೆಗೆ ಕರೆಯಲು ಹಿಂಜರಿಯುವ ನಿಮ್ಮ ವಯಸ್ಸಿನವರು ಅವರು. ಅವರನ್ನು ನಿಮ್ಮ ಮನೆಗೆ ಕರೆಯಿರಿ. ಒಂದು ಸಂಜೆ ನಿಶ್ಚಿಂತೆಯಾಗಿ ಕೂತು ಉಣ್ಣಲಿ.

ಮುಂದಿನ ಯುಗಾದಿಗೆ ಆ ಕುಟುಂಬಕ್ಕೆ ನೀವೇ ಒಂದು ಫೋನ್ ಮಾಡಿ. "ಬನ್ನಿ ಆಂಟಿ, ಊಟ ಸರಿಯಾಗಿ ಹನ್ನೆರಡೂವರೆಗೆ. ಪುಟ್ಟನ ತಟ್ಟೆಗೆ ನಿಮ್ಮನ್ನು ಕೇಳದೆ ಯಾರೂ ಏನೂ ಹಾಕಲ್ಲ, ನಾನು ನೋಡ್ಕೋತೀನಿ" ಅನ್ನಿ. ಅವರು ಮತ್ತೆ ಬರುವುದಕ್ಕೆ ಅಷ್ಟು ಸಾಕಾಗಬಹುದು.