ರೊಟ್ಟಿ ಬಡಿಯಾಕಿ ಉಂಡಾಳೇನ್ರಿ?

ಹಳೆಯ ಬಂಗಲೆಗಳನ್ನು ಹೋಟೆಲ್ ಮಾಡಿ, ಬಿಳಿ ಮೇಜುಬಟ್ಟೆ ಹಾಸಿ, ಒಂದಾದ ಮೇಲೊಂದರಂತೆ ಬಡಿಸುವ ಶಿಸ್ತಿನ ಊಟಕ್ಕೆ ಮಹಾನಗರಗಳಲ್ಲಿ ಬಲು ಬೇಡಿಕೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಅಂಥ ಹೋಟೆಲ್ ನಾನಂತೂ ಕಂಡಿಲ್ಲ. ಆದರೆ ಮನೆಯೊಳಗೇ ಕೂರಿಸಿ, ಕ್ರಮ ತಪ್ಪದೆ ಉಣಬಡಿಸುವ ಖಾನಾವಳಿಗಳಿವೆ.

ಮನೆಯ ಊಟ ಹೊರಗಿನವರಿಗೂ ಸಿಗುವುದು ನಮ್ಮಲ್ಲಿ ಹೊಸತಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತನ ಭಕ್ತರು ಮಧ್ಯಾಹ್ನ ಐದು ಮನೆ ಮಧುಕರಿ ಬೇಡುವ ಪದ್ಧತಿ ಇಂದಿಗೂ ಇದೆ.

ಕಳೆದ ಬೇಸಿಗೆಯಲ್ಲಿ ಹೊಲದ ಕಾಗದಪತ್ರದ ಕೆಲಸಕ್ಕೆ ಜೇವರ್ಗಿಗೆ ಹೋದಾಗ ಅವ್ವನನ್ನು ಒಂದು ಖಾನಾವಳಿಗೆ ಕರೆದೊಯ್ದೆ. ಹಳೆಯ ಮನೆ. ಪಡಸಾಲೆಗೆ ಶಹಾಬಾದ ಫರಸಿ, ನಾಲ್ಕೇ ಮೇಜು. "ಕೈ ತೊಳ್ಕೊಂಡು ಕುಂದರ್ರಿ" ಎಂದರು ಯಜಮಾನರು. ಮೊದಲು ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಆಮೇಲೆ ಎಣ್ಣೆಗಾಯಿ, ಪುಂಡಿಪಲ್ಯ, ತೊಗರಿಬ್ಯಾಳಿ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ತಟ್ಟೆಯಲ್ಲಿ ಅದು ಬರೀ ಬ್ಯಾಳಿ! ಕೊನೆಗೆ ಅನ್ನ, ಮಜ್ಜಿಗೆ. ಬಿಸಿ ರೊಟ್ಟಿ ಮಾತ್ರ ಮೊದಲಿಂದಲೂ ಬರುತ್ತಲೇ ಇರುತ್ತದೆ.

ಅವ್ವ ಅರ್ಧ ರೊಟ್ಟಿಗೇ ಕೈ ನಿಲ್ಲಿಸಿದಳು. ಒಳಗಿನಿಂದ ಬರುತ್ತಿದ್ದ ತಪ್ ತಪ್ ಸದ್ದಿಗೆ ಅವಳ ಕಿವಿ. ಐವತ್ತು ವರ್ಷ ರೊಟ್ಟಿ ಬಡಿದವಳು, ಕುಳಿತಲ್ಲಿಗೆ ಬಿಸಿ ರೊಟ್ಟಿ ಬಂದದ್ದು ಅಂದೇ ಮೊದಲು. "ಒಳಗ ರೊಟ್ಟಿ ಬಡಿಯಾಕಿ ಉಂಡಾಳೇನ್ರಿ?" ಎಂದು ಕೇಳಿಯೇಬಿಟ್ಟಳು. "ಮಂದಿ ಕಡಿಮಿ ಆಗ್ಲಿ, ನಾಕಕ್ಕ ಉಣತಾಳ್ರಿ" ಎಂದರು ಯಜಮಾನರು, ಸಹಜವಾಗಿ. ಆಗ ಗಂಟೆ ಎರಡೂಕಾಲು.

ರೊಟ್ಟಿ ಸುಲಭದ ಕೆಲಸವಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಕುದಿನೀರು ಹಾಕಿ ನಾದಿ, ಅಂಚು ಸೀಳದಂತೆ ತಟ್ಟಿ, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಊಟ ಮುಗಿಯುವವರೆಗೆ ಬಡಿಯುವವಳು ಒಲೆ ಬಿಟ್ಟೇಳುವಂತಿಲ್ಲ. ದೊಡ್ಡ ಹೋಟೆಲುಗಳಲ್ಲಿ ಬಾಣಸಿಗರ ಹೆಸರನ್ನು ಮೆನು ಕಾರ್ಡಿನಲ್ಲೇ ಹಾಕುವುದುಂಟು. ಖಾನಾವಳಿಯ ಬೋರ್ಡಿನ ಮೇಲೆ ರೊಟ್ಟಿ ಬಡಿಯುವವಳ ಹೆಸರು ನೋಡಿದ್ದೀರಾ?

ಈ ದುಡಿಮೆಗೆ ಬೆಲೆ ಬಂದದ್ದೂ ಇದೆ. ಮುಂಬೈಯಲ್ಲಿ ಗಿರಣಿ ಕಾರ್ಮಿಕರಿಗಾಗಿ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದ ಹೆಂಗಸರನ್ನು ಸೇರಿಸಿ ಪ್ರೇಮಾ ಪುರವ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಬಡ್ಡಿಯವರ ಕೈಯಲ್ಲಿ ಸಿಕ್ಕಿದ್ದವರಿಗೆ ಬ್ಯಾಂಕಿನ ಸಾಲ ದಕ್ಕಿತು.

ನಾವು ಅಷ್ಟು ದೊಡ್ಡದು ಮಾಡಲಾಗದಿರಬಹುದು. ಖಾನಾವಳಿಗೆ ಹೋದಾಗ ರೊಟ್ಟಿ ಕೆಡಿಸದೆ ಉಣ್ಣೋಣ. ನಾಲ್ಕು ರೂಪಾಯಿಗೆ ಚೌಕಾಸಿ ಬೇಡ. ಏಳುವ ಮುಂಚೆ ಅಡುಗೆಮನೆ ಬಾಗಿಲಿಗೆ ಹೋಗಿ "ಯಕ್ಕಾ, ರೊಟ್ಟಿ ಭಾಳ ಛಲೋ ಆಗ್ಯಾವು" ಅನ್ನೋಣ. ಹಾಂ, ಮನೆಯಲ್ಲಿ ರೊಟ್ಟಿ ಬಡಿಯುವವರನ್ನೂ ಒಂದು ದಿನ ಜೊತೆಗೆ ಕರೆದೊಯ್ಯಿರಿ. ಅವರು ಬೇಡ ಅಂದೇ ಅಂತಾರೆ, ಕೇಳಬೇಡಿ!