ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕಣ್ಣಿಗೆ ಕಾಣದ ಕರೆಂಟು



ನಮ್ಮ ಸಂಘಗಳ ಸದಸ್ಯೆಯರಲ್ಲಿ ಕೆಲವರ ಮನೆಯಲ್ಲಿ ಗಂಡನೋ, ಮಗನೋ, ಮೈದುನನೋ ಗಾಡಿಗಳ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡುತ್ತಾರೆ. ಕಂಪ್ರೆಸರ್, ಸ್ಪ್ರೇ ಗನ್ ತೆಗೆದುಕೊಳ್ಳಲು ಸಂಘದಿಂದ ಸಾಲ ಎತ್ತಿ ಕೊಟ್ಟವರೂ ಇದ್ದೀರಿ. ಕಂತು ಕಟ್ಟುವವರು ನೀವು, ಆದ್ದರಿಂದ ಆ ಶೆಡ್ಡಿನಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತಿರಬೇಕು. “ಎಷ್ಟು ಒರೆಸಿದ್ರೂ ಬಂಪರ್ ಮೇಲೆ ಧೂಳು ಕೂರುತ್ತೆ ಸಿಸ್ಟರ್, ಮತ್ತೆ ಉಜ್ಜಿ ಮತ್ತೆ ಹೊಡೀಬೇಕು, ಕೂಲಿಯೆಲ್ಲ ಅದಕ್ಕೇ ಹೋಗುತ್ತೆ” ಎಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇವೆ. ಹೀಗೆ ಧೂಳು ಎಳೆದುಕೊಳ್ಳುವ ಶಕ್ತಿಯೇ ಥಿನ್ನರಿಗೆ ಬೆಂಕಿಯನ್ನೂ ಹಚ್ಚಬಲ್ಲದು. ಅದರ ಹೆಸರು ಸ್ಥಿರ ವಿದ್ಯುತ್.

ಇದು ಕಂಬದಿಂದ ತಂತಿಯಲ್ಲಿ ಬರುವ ಕರೆಂಟಲ್ಲ. ಒಣಗಿದ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಬಾಚಿ, ಬಾಚಣಿಗೆಯನ್ನು ಕಾಗದದ ಚೂರುಗಳ ಹತ್ತಿರ ಹಿಡಿಯಿರಿ, ಚೂರುಗಳು ಎಗರಿ ಅಂಟಿಕೊಳ್ಳುತ್ತವೆ. ಚಳಿಗಾಲದ ರಾತ್ರಿ ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಸದ್ದು ಬರುವುದು, ಕತ್ತಲಲ್ಲಿ ಸಣ್ಣ ಕಿಡಿ ಕಾಣುವುದು ನಿಮಗೆಲ್ಲ ಗೊತ್ತಿದ್ದದ್ದೇ. ಎರಡು ವಸ್ತುಗಳು ಒಂದಕ್ಕೊಂದು ತಾಗಿ, ಉಜ್ಜಿ, ಬೇರೆಯಾದಾಗ ಒಂದರಲ್ಲಿದ್ದ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗುತ್ತವೆ. ಹರಿದುಹೋಗಲು ದಾರಿ ಸಿಗದಿದ್ದರೆ ಆ ವಿದ್ಯುತ್ತು ಅಲ್ಲೇ ನಿಂತುಬಿಡುತ್ತದೆ.

ಬಣ್ಣ ಹೊಡೆಯುವ ಮೊದಲು ಗಾಡಿಗೆ ಎಷ್ಟು ಉಜ್ಜಾಟ ನೋಡಿ. ಎಮರಿ ಪೇಪರಿನಿಂದ ತಿಕ್ಕುತ್ತಾರೆ, ಒಣಬಟ್ಟೆಯಿಂದ ಒರೆಸುತ್ತಾರೆ, ಗಾಜಿಗೆ ಹಚ್ಚಿದ ಟೇಪು ಮತ್ತು ಪ್ಲಾಸ್ಟಿಕ್ ಹಾಳೆಯನ್ನು ಸರ್ರನೆ ಕೀಳುತ್ತಾರೆ. ಪ್ರತಿಯೊಂದರಲ್ಲೂ ವಿದ್ಯುತ್ತು ಹುಟ್ಟುತ್ತದೆ. ಆಮೇಲೆ ಗಾಳಿಯಲ್ಲಿ ತೇಲುವ ಧೂಳು, ನೂಲಿನ ಎಳೆ ಎಲ್ಲವೂ ಹಸಿ ಬಣ್ಣದ ಮೇಲೆ ಬಂದು ಕೂರುತ್ತವೆ.

ಬಾನೆಟ್, ಬಾಗಿಲು ಮೊದಲಾದ ಕಬ್ಬಿಣದ ಭಾಗಗಳಿಗೆ ಉಪಾಯ ಸುಲಭ. ತಾಮ್ರದ ತಂತಿಯ ಒಂದು ತುದಿಗೆ ಕ್ಲಿಪ್ ಹಾಕಿ ಗಾಡಿಯ ಬಾಡಿಗೆ ಸಿಕ್ಕಿಸಬೇಕು, ಇನ್ನೊಂದು ತುದಿಯನ್ನು ಸರಿಯಾದ ಅರ್ತಿಂಗಿಗೆ ಸೇರಿಸಬೇಕು. ಕ್ಲಿಪ್ಪು ಬಣ್ಣದ ಮೇಲೆ ಕೂತರೆ ಪ್ರಯೋಜನವಿಲ್ಲ, ಬರಿಯ ಲೋಹಕ್ಕೇ ತಾಗಬೇಕು. ಕೆಲವರು ನಲ್ಲಿ ಪೈಪಿಗೆ ತಂತಿ ಸುತ್ತುತ್ತಾರೆ. ಈಗ ಹೆಚ್ಚಿನ ಪೈಪುಗಳು ಪಿವಿಸಿ, ಅದಕ್ಕೆ ಕಟ್ಟುವುದೂ ಒಂದೇ, ಗೋಣಿದಾರಕ್ಕೆ ಕಟ್ಟುವುದೂ ಒಂದೇ! ಅರ್ತಿಂಗ್ ಸರಿಯಿದೆಯೋ ಇಲ್ಲವೋ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.

ಆದರೆ ಬಂಪರ್ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಆದ್ದರಿಂದ ಎಷ್ಟು ತಂತಿ ಕಟ್ಟಿದರೂ ಅದರ ಮೇಲಿನ ವಿದ್ಯುತ್ತು ಇಳಿಯುವುದಿಲ್ಲ. ಹೆಚ್ಚಿನ ಕೆಲಸ ಕೆಡುವುದು ಇಲ್ಲಿಯೇ. ಧೂಳು ಕಂಡ ಕೂಡಲೇ ಒಣಬಟ್ಟೆಯಿಂದ ಗಸಗಸ ಉಜ್ಜುತ್ತಾರೆ, ಉಜ್ಜಿದಷ್ಟೂ ವಿದ್ಯುತ್ತು ಹೆಚ್ಚುತ್ತದೆ, ಧೂಳೂ ಹೆಚ್ಚುತ್ತದೆ. ಪೇಂಟ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆಂದೇ ಸಿಗುವ ಆಂಟಿಸ್ಟಾಟಿಕ್ ಕ್ಲೀನರ್ ತಂದು, ಬಟ್ಟೆಯನ್ನು ಅದರಲ್ಲಿ ತೇವ ಮಾಡಿ, ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಒರೆಸಬೇಕು. ಕೊನೆಗೆ ಒಣಬಟ್ಟೆ ಮುಟ್ಟಿಸಬಾರದು, ತಾನಾಗಿಯೇ ಆರಲಿ. ಆಮೇಲೆ ಟ್ಯಾಕ್ ಬಟ್ಟೆಯನ್ನು ಮೇಲಿಂದ ಮೇಲೆ ಹಗುರವಾಗಿ ಆಡಿಸಿದರೆ ಸಾಕು. ಅಯಾನು ಬಿಡುವ ಗಾಳಿ ಗನ್ ಎಂಬ ಸಾಧನವೂ ಇದೆ, ಆದರೆ ಸಣ್ಣ ಶೆಡ್ಡಿಗೆ ಅದಕ್ಕಾಗಿ ಸಾಲ ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ.

ಗಾಳಿ ಒಣಗಿದಷ್ಟೂ ಈ ಕಾಟ ಜಾಸ್ತಿ. ವಿಜಯಪುರ, ಕಲಬುರಗಿ ಕಡೆ ಜನವರಿ, ಫೆಬ್ರವರಿಯಲ್ಲಿ ಇದರ ಅನುಭವ ಚೆನ್ನಾಗಿ ಆಗುತ್ತದೆ. ಬಣ್ಣ ಹೊಡೆಯುವ ಮೊದಲು ನೆಲಕ್ಕೆ ನೀರು ಚಿಮುಕಿಸಿದರೆ ಗಾಳಿಗೂ ತೇವ ಸೇರುತ್ತದೆ, ನೆಲದ ಧೂಳೂ ಏಳುವುದಿಲ್ಲ. ವಯರುಗಳು ಬಿದ್ದಿರುವ ಕಡೆ ಮಾತ್ರ ನೀರು ನಿಲ್ಲಬಾರದು. ಮಂಗಳೂರಿನ ಮಳೆಗಾಲದಲ್ಲಿ ತೊಂದರೆಯೇ ಬೇರೆ, ತೇವ ಅತಿಯಾಗಿ ಕೆಲವು ಬಣ್ಣಗಳು ಬೆಳ್ಳಗಾಗುತ್ತವೆ. ಅಲ್ಲಿ ನೀರು ಹಾಕಬೇಡಿ.

ಬಟ್ಟೆಯ ವಿಷಯ ನಿಮ್ಮ ಕೈಯಲ್ಲೇ ಇದೆ. ಶೆಡ್ಡಿಗೆ ಪಾಲಿಯೆಸ್ಟರ್ ಶರ್ಟು ಬೇಡ, ಹತ್ತಿಯದೇ ಇರಲಿ. ಒರೆಸಲು ತರುವ ಬನಿಯನ್ ವೇಸ್ಟಿನಲ್ಲಿ ಪಾಲಿಯೆಸ್ಟರ್ ತುಂಡುಗಳೂ ಬೆರೆತಿರಬಹುದು, ಆರಿಸಿ ತೆಗೆಯಿರಿ. ಮನೆಯ ಹಳೆ ಹತ್ತಿ ಸೀರೆ, ಪಂಚೆಗಳು ಒಗೆದು ಒಗೆದು ಮೆತ್ತಗಾಗಿರುತ್ತವೆ, ನೂಲು ಬಿಡುವುದೂ ಕಡಿಮೆ. ಅವನ್ನು ಕತ್ತರಿಸಿ, ಅಂಚು ಹೊಲಿದು, ಶುದ್ಧವಾಗಿ ಒಗೆದು ಮುಚ್ಚಿಟ್ಟರೆ ಶೆಡ್ಡಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇಡ. ಎರಡು ಮೂರು ಜನ ಸೇರಿ ಊರಿನ ಬೇರೆ ಗ್ಯಾರೇಜುಗಳಿಗೂ ಕೊಡಬಹುದಲ್ಲ?

ಇನ್ನು ಬೆಂಕಿಯ ಮಾತು. ಧೂಳಿನಿಂದ ದುಡ್ಡು ಹೋಗುತ್ತದೆ, ಬೆಂಕಿಯಿಂದ ಜೀವವೇ ಹೋಗುತ್ತದೆ. ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ವಿನ್ ಎಂಬ ದ್ರವ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ನಮ್ಮ ಸೆಕೆಯಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರ ಹೋಗುತ್ತದೆ. ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ಚುರ್ ಎನ್ನಿಸುವ ಕಿಡಿಯೇ ಅದನ್ನು ಹತ್ತಿಸಲು ಸಾಕು. ಆದ್ದರಿಂದ ಥಿನ್ನರನ್ನು ನೀರಿನ ಬಾಟಲಿಯಲ್ಲಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಡಬೇಡಿ, ಲೋಹದ ಡಬ್ಬವೇ ಬೇಕು. ಒಂದು ಡಬ್ಬದಿಂದ ಇನ್ನೊಂದಕ್ಕೆ ಸುರಿಯುವಾಗ ಎರಡನ್ನೂ ತಂತಿಯಿಂದ ಜೋಡಿಸಿ ಅರ್ತ್ ಮಾಡಿ, ಎತ್ತರದಿಂದ ಸುರಿಯದೆ ನಿಧಾನವಾಗಿ ಬಗ್ಗಿಸಬೇಕು. ಶೆಡ್ಡಿನೊಳಗೆ ಸ್ವೆಟರ್ ಕಳಚುವುದು, ತಲೆ ಬಾಚುವುದು ಬೇಡ. ಹಿತ್ತಲಲ್ಲೇ ಶೆಡ್ಡು ಇರುವವರು ಅಡುಗೆ ಒಲೆಯ ಕಡೆಯ ಬಾಗಿಲನ್ನು ಮುಚ್ಚಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಥಿನ್ನರ್ ಬಟ್ಟೆಗಳು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಹೊರಗಿರಲಿ.

ಇನ್ನು ಮುಂದೆ ಸಂಘದಲ್ಲಿ ಪೇಂಟಿಂಗ್ ಕೆಲಸಕ್ಕೆ ಸಾಲ ಕೇಳುವವರು ಕಂಪ್ರೆಸರ್ ಜೊತೆಗೆ ಅರ್ತಿಂಗ್, ತಾಮ್ರದ ತಂತಿ, ಕ್ಲಿಪ್ಪು, ಲೋಹದ ಡಬ್ಬಗಳ ಖರ್ಚನ್ನೂ ಅರ್ಜಿಯಲ್ಲಿ ಬರೆಯಲಿ, ಕಂಪ್ರೆಸರ್ ಬೆಲೆಯ ಮುಂದೆ ಇದು ತೀರಾ ಸಣ್ಣ ಮೊತ್ತ. ಬಂಪರ್ ಒರೆಸಿದ್ದು ಸಾಕೋ ಇಲ್ಲವೋ ಎಂದು ನೋಡಲು ತೆಳುವಾದ ನೂಲಿನ ಎಳೆಯೊಂದನ್ನು ಅದರ ಹತ್ತಿರ ಇಳಿಬಿಡಿ. ಎಳೆ ಬಂಪರ್ ಕಡೆ ವಾಲಿದರೆ ಇನ್ನೊಮ್ಮೆ ಒರೆಸಬೇಕು, ನೇರವಾಗಿ ನಿಂತರೆ ಗನ್ ಎತ್ತಿಕೊಳ್ಳಬಹುದು.